ಬೆಕ್ಕುಗಳ ಗಮನಕ್ಕೆ

ಹಾಸನದಲ್ಲಿ ವರ್ಷಕ್ಕೊಮ್ಮೆ ಬಾಗಿಲು ತೆಗೆಯುವುದು ಹಾಸನಾಂಬೆಯ ಗುಡಿ ಮಾತ್ರ ಅಂತ ಹೊರಗಿನವರು ತಿಳಿದಿದ್ದಾರೆ. ನಮ್ಮೂರಿನ ಕಚೇರಿಯೊಂದರ ರೆಕಾರ್ಡ್ ರೂಮಿಗೂ ಅದೇ ಸಂಪ್ರದಾಯ. ಗುಡಿಯಲ್ಲಿ ಹೋದ ವರ್ಷ ಇಟ್ಟ ಹೂವು ಬಾಡಿರುವುದಿಲ್ಲ ಅನ್ನುತ್ತಾರೆ. ಇಲ್ಲಿ ಹೋದ ವರ್ಷ ಇಟ್ಟ ಫೈಲೇ ಇರುವುದಿಲ್ಲ. ಯಾವ ಕಚೇರಿ ಅಂತ ಮಾತ್ರ ಕೇಳಬೇಡಿ. ನನ್ನ ಜಮೀನಿನ ಪಾಲು ಅಳೆದು ಬೇರೆ ಮಾಡುವ ಪೋಡಿ ಅರ್ಜಿ ಇನ್ನೂ ಅಲ್ಲೇ ಇದೆ.

ಆ ಕಚೇರಿಯಲ್ಲೊಂದು ಬೂದು ಬಣ್ಣದ ಗಂಡು ಬೆಕ್ಕು. ಎಲ್ಲರೂ ಅದನ್ನು ಸಾಹೇಬ ಅಂತಲೇ ಕರೆಯುತ್ತಿದ್ದರು. ಹನ್ನೊಂದಕ್ಕೆ ಬರುತ್ತಿತ್ತು, ಫೈಲುಗಳ ಮೇಲೆ ಮಲಗುತ್ತಿತ್ತು, ಒಂದನ್ನೂ ಬಿಚ್ಚುತ್ತಿರಲಿಲ್ಲ. ಮೊದಲ ಸಲ ಹೋದಾಗ "ಸಾಹೇಬ್ರು ಇದ್ದಾರಾ?" ಅಂದೆ. "ಯಾವ ಸಾಹೇಬ್ರು ಸಾರ್, ಸಹಿ ಹಾಕೋರಾ, ಇಲಿ ಹಿಡಿಯೋರಾ?" ಅಂದರು ಕೇಸ್ ವರ್ಕರ್. ಹಿಡಿಯೋರು ಇದ್ದರು.

1868ರಲ್ಲಿ ಲಂಡನ್ನಿನ ಮನಿ ಆರ್ಡರ್ ಕಚೇರಿಯವರು ಮೂರು ಬೆಕ್ಕುಗಳನ್ನು ಆರು ತಿಂಗಳ ಪ್ರೊಬೇಷನ್ ಮೇಲೆ ತೆಗೆದುಕೊಂಡು, ವಾರಕ್ಕೊಂದು ಶಿಲ್ಲಿಂಗ್ ಮಂಜೂರು ಮಾಡಿದ್ದರು. ಸಾಲದ್ದನ್ನು ಇಲಿ ಹಿಡಿದು ತುಂಬಿಸಿಕೊಳ್ಳಬೇಕು. ನಮ್ಮ ಸಾಹೇಬನದು ಅದಕ್ಕಿಂತ ಕಡೆ. ಹೊರಗುತ್ತಿಗೆ. ಶಿಲ್ಲಿಂಗೂ ಇಲ್ಲ, ಪಿಎಫ್ಫೂ ಇಲ್ಲ, ವಾರಕ್ಕೊಮ್ಮೆ ಯಾರದೋ ಡಬ್ಬಿಯ ಮೊಸರನ್ನ.

ಇಲಿಗಳು ಹೆಚ್ಚಾದವು. ಯಾಕೆ ಅಂತ ತಿಳಿಯಲು ಸಮಿತಿ ಬೇಕಿರಲಿಲ್ಲ. ನಿವೃತ್ತಿಯ ಬೀಳ್ಕೊಡುಗೆಯ ಬೋಂಡಾ ಕಾಗದಗಳನ್ನು ತಿಂಗಳುಗಟ್ಟಲೆ ರ‍್ಯಾಕಿನ ಹಿಂದೆ ತುರುಕುವ ಊರಲ್ಲಿ ಇಲಿ ಬಾರದೆ ನವಿಲು ಬರುತ್ತದೆಯೇ? ಕಿಟಕಿಯ ಜಾಲರಿ ಹರಿದಿತ್ತು, ಬಾಗಿಲ ಕೆಳಗೆ ನಾಲ್ಕು ಬೆರಳು ಸಂದಿ. ಅದನ್ನು ಮುಚ್ಚಲು ಎಸ್ಟಿಮೇಟ್ ಆಗಬೇಕು, ಎಸ್ಟಿಮೇಟಿಗೆ ಬೇರೆ ಇಲಾಖೆ ಬರಬೇಕು. ಪಾಷಾಣಕ್ಕೆ ಆ ತಾಪತ್ರಯವಿಲ್ಲ. ಅಂಗಡಿಗೆ ಹೋಗಿ ಇಲಿ ಕೇಕ್ ತಂದು, ಮೂಲೆ ಮೂಲೆಗೆ ಎಸೆದು, ಬಾಗಿಲಿಗೆ ಒಂದು ಹಾಳೆ ಅಂಟಿಸಿದರು:

"ಸೂಚನೆ: ಈ ಕೊಠಡಿಯಲ್ಲಿ ಇಲಿ ಪಾಷಾಣ ಇಡಲಾಗಿರುತ್ತದೆ. ಬೆಕ್ಕುಗಳು ದೂರವಿರತಕ್ಕದ್ದು. ತಪ್ಪಿದಲ್ಲಿ ಕಚೇರಿಯು ಜವಾಬ್ದಾರಿಯಲ್ಲ. ಆದೇಶದ ಮೇರೆಗೆ."

ನಾನು ತಮಾಷೆಗೆ, "ಐದಡಿ ಎತ್ತರದಲ್ಲಿದೆಯಲ್ಲ, ಅದಕ್ಕೆ ಹೆಂಗೆ ಕಾಣುತ್ತೆ?" ಅಂದೆ. ತಮಾಷೆ ಮಾಡಬಾರದಿತ್ತು. ಮರುವಾರ ಹೋದಾಗ ಅದೇ ಸೂಚನೆ ನೆಲದಿಂದ ಆರಿಂಚು ಮೇಲಿತ್ತು, ತಲೆಯ ಮೇಲೆ "ತಿದ್ದುಪಡಿ" ಅಂತ ಬರೆದಿತ್ತು. ಸಾಹೇಬ ಅದಕ್ಕೆ ಬೆನ್ನುಜ್ಜಿಕೊಳ್ಳುತ್ತಿದ್ದ.

ಸೂಚನೆ ಬರೆದವರಿಗೆ ಒಂದು ವಿಷಯ ತಿಳಿದಿರಲಿಲ್ಲ. ಬೆಕ್ಕು ಕೇಕನ್ನು ಮುಟ್ಟಲೇಬೇಕಿಲ್ಲ. ಪೊಟ್ಟಣದ ಮೇಲೆ ಬ್ರೋಮಾಡಿಯೋಲೋನ್ ಶೇ. 0.005 ಅಂತ ಇತ್ತು. ಇದು ತಿಂದ ಕೂಡಲೇ ಕೊಲ್ಲುವ ಪಾಷಾಣವಲ್ಲ. ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆ ದೇಹದಲ್ಲಿ ಮತ್ತೆ ಮತ್ತೆ ಬಳಕೆಯಾಗುವುದನ್ನು ಅದು ತಡೆಯುತ್ತದೆ. ಇಲಿ ತಿಂದ ಮೇಲೂ ಮೂರು ದಿನ, ನಾಲ್ಕು ದಿನ, ಕೆಲವು ಸಲ ಇನ್ನೂ ಹೆಚ್ಚು ಓಡಾಡಿಕೊಂಡಿರುತ್ತದೆ. ಕಡೆಗೆ ಒಳಗೊಳಗೇ ರಕ್ತ ಸೋರಿ, ತೂರಾಡುತ್ತಾ ಹಾಡುಹಗಲೇ ಹೊರಗೆ ಬರುತ್ತದೆ. ಅಂಥ ಇಲಿ ಬೆಕ್ಕಿಗೆ ತಟ್ಟೆಯಲ್ಲಿ ಬಡಿಸಿದ ಊಟ. ಒಂದು ಇಲಿಗೆ ಏನೂ ಆಗದಿರಬಹುದು. ದಿನಾ ತಿಂದರೆ ವಿಷ ಬೆಕ್ಕಿನ ಪಿತ್ತಜನಕಾಂಗದಲ್ಲಿ ಸೇರುತ್ತಾ ಹೋಗುತ್ತದೆ, ಬೇಗ ಇಳಿಯುವುದಿಲ್ಲ.

ಇದನ್ನೆಲ್ಲ ಕೇಸ್ ವರ್ಕರಿಗೆ ಬಿಡಿಸಿ ಹೇಳಿದೆ. ಅವರು ಚೆನ್ನಾಗಿ ಓದಿಕೊಂಡವರು. "ವಾರ್ಫರಿನ್ ಅಂತ ನಮ್ಮ ಮಾವನೋರಿಗೆ ಹಾರ್ಟಿಗೆ ಕೊಟ್ಟವ್ರೆ ಸಾರ್. ಅದೂ ಮೊದ್ಲು ಇಲಿ ಔಷಧಿನೇ ಆಗಿತ್ತಂತೆ. ಮನುಷ್ಯರೇ ತಿಂತಾರೆ ಅಂದ್ಮೇಲೆ ಬೆಕ್ಕಿಗೇನ್ ಬಂತು?" ಅಂದರು. ಮಾತು ಅರ್ಧ ನಿಜ. 1948ರ ಹೊತ್ತಿಗೆ ಇಲಿಗೆ ಅಂತ ಬಂದ ವಾರ್ಫರಿನ್ 1954ರಲ್ಲಿ ಮನುಷ್ಯರ ಔಷಧಿಯೂ ಆಯಿತು. ಆದರೆ ಮಾವನವರಿಗೆ ರಕ್ತ ಪರೀಕ್ಷೆ ಮಾಡಿ ಅಳತೆ ನೋಡಿ ಕೊಡುತ್ತಾರೆ, ರ‍್ಯಾಕಿನ ಹಿಂದೆ ಎಸೆಯುವುದಿಲ್ಲ.

"ಹಂಗಾದ್ರೆ ಏನ್ ಮಾಡಾಣ ಹೇಳಿ" ಅಂದರು. ಕೇಕನ್ನು ಬೀಗ ಹಾಕುವ ಡಬ್ಬಿಯೊಳಗಿಡಿ, ದಿನಾ ಬೆಳಗ್ಗೆ ಸತ್ತ ಇಲಿ ಹುಡುಕಿ ಕೈಗವಸು ಹಾಕಿಕೊಂಡು ಆಳಕ್ಕೆ ಹೂಳಿ, ಅದಕ್ಕಿಂತ ಬೆಕ್ಕಿರುವ ಕಡೆ ಪಾಷಾಣವೇ ಬೇಡ, ಬೋನು ಇಡಿ, ಆ ಸಂದಿ ಮುಚ್ಚಿ ಅಂದೆ. ಎಲ್ಲ ಬರೆದುಕೊಂಡರು. ಸಂಜೆಗೆ ಹೊಸ ಹಾಳೆ ಬಿತ್ತು: "ಪಾಷಾಣ ಸೇವಿಸಿದ ಇಲಿಗಳು ಕೊಠಡಿಯಿಂದ ಹೊರಹೋಗುವ ಮುನ್ನ ಚಲನವಲನ ವಹಿಯಲ್ಲಿ ನಮೂದಿಸತಕ್ಕದ್ದು." ಹೀಗೆ ಬರೆದಿರಲಿಲ್ಲ ಅಂತ ನೀವು ಅನ್ನಬಹುದು. ನಿಮ್ಮ ಪೋಡಿ ಆ ಕಚೇರಿಯಲ್ಲಿಲ್ಲ, ಅದಕ್ಕೇ.

ಮುಂದಿನ ವಾರ ಸಾಹೇಬ ಫೈಲಿನ ಮೇಲೆ ಮಲಗಿರಲಿಲ್ಲ, ಕೆಳಗೆ ಬಿದ್ದಿದ್ದ. ಒಸಡು ಬಿಳಚಿಕೊಂಡಿತ್ತು, ಉಸಿರು ಎಳೆಯುತ್ತಿದ್ದ, ಮೂಗಿನ ತುದಿಯಲ್ಲಿ ರಕ್ತದ ಗೆರೆ. ಸುತ್ತ ನಿಂತವರು ಹಾಲು ಕುಡಿಸಿ ಅಂದರು. ಈ ದೇಶದಲ್ಲಿ ನಾಗಪ್ಪನಿಂದ ಹಿಡಿದು ಎಲ್ಲ ವಿಷಕ್ಕೂ ಹಾಲೇ. ಇದಕ್ಕೆ ಹಾಲು ಕೆಲಸ ಮಾಡುವುದಿಲ್ಲ.

ಡಾಕ್ಟರಿಗೆ ಫೋನ್ ಮಾಡಿದೆ. ಮೊದಲ ಪ್ರಶ್ನೆಯೇ, "ಯಾವ ಪಾಷಾಣ? ಪೊಟ್ಟಣ ತನ್ನಿ." ಬ್ರೋಮಾಡಿಯೋಲೋನ್ ಆದರೆ ವಿಟಮಿನ್ ಕೆ1 ಇದೆ. ಜಿಂಕ್ ಫಾಸ್ಫೈಡ್ ಅನ್ನುವ ಕಪ್ಪು ಪುಡಿಯಾದರೆ ಹೊಟ್ಟೆಯ ಆಮ್ಲ ತಾಕಿ ಫಾಸ್ಫೀನ್ ಅನಿಲ ಏಳುತ್ತದೆ, ಅದಕ್ಕೆ ಪ್ರತಿವಿಷವಿಲ್ಲ. ನಾನು ಕೇಕಿನ ಪೊಟ್ಟಣ ಮಾತ್ರ ನೋಡಿದ್ದೆ. ಪುಡಿಯನ್ನೂ ಇಟ್ಟಿದ್ದರೋ ಏನೋ.

"ಪೊಟ್ಟಣ ಕಡತಕ್ಕೆ ಲಗತ್ತಾಗೋಗದೆ ಸಾರ್. ಆರ್‌ಟಿಐ ಹಾಕ್ಬುಡಿ, ಹತ್ತೇ ರೂಪಾಯಿ. ನೂರೈವತ್ತು ಪದ ದಾಟಬಾರ್ದು" ಅಂದರು ಕೇಸ್ ವರ್ಕರ್. "ಬೆಕ್ಕು ಸಾಯುತ್ತಿದೆ, ಪೊಟ್ಟಣ ಕೊಡಿ" ಅನ್ನಲು ನಾಲ್ಕು ಪದ ಸಾಕು. ಉತ್ತರಕ್ಕೆ ಮೂವತ್ತು ದಿನ. 2005ರ ಕಾಯ್ದೆಯಲ್ಲೇ ವ್ಯಕ್ತಿಯ ಪ್ರಾಣಕ್ಕೆ ಸಂಬಂಧಿಸಿದ್ದರೆ 48 ಗಂಟೆಯೊಳಗೆ ಕೊಡಬೇಕು ಅಂತಿದೆ, ಅದನ್ನು ಹೇಳಿದೆ. ಬೆಕ್ಕು ವ್ಯಕ್ತಿಯೋ ಅಲ್ಲವೋ ಅಂತ ಮೇಲಿನವರ ಅಭಿಪ್ರಾಯ ಕೇಳಬೇಕಾಗುತ್ತದೆ ಅಂದರು.

ಅಷ್ಟರಲ್ಲಿ ಕಸ ಗುಡಿಸುವ ಅಕ್ಕ ಹಿತ್ತಲಿಗೆ ಹೋಗಿ, ಬುಟ್ಟಿ ಬೋರಲು ಹಾಕಿ, ಖಾಲಿ ಪೊಟ್ಟಣಗಳನ್ನೆಲ್ಲ ಹೆಕ್ಕಿ ತಂದು ನನ್ನ ಕೈಗಿಟ್ಟಳು. "ಎಲ್ಲಾ ಇದೇ ಕೇಕು ಕಣಣ್ಣ, ಪುಡಿ ತಂದಿಲ್ಲ. ಬಿರ್ನೆ ಹೋಗು." ಎರಡು ನಿಮಿಷ ಆಗಿರಬಹುದು. ಯಾರ ಸಹಿಯೂ ಬೇಕಾಗಲಿಲ್ಲ.

ಸಾಹೇಬ ಬದುಕಿದ. ಮೊದಲು ಇಂಜೆಕ್ಷನ್, ಆಮೇಲೆ ನಾಲ್ಕು ವಾರ ಮೀನಿನ ತುಂಡಿನೊಳಗೆ ಮಾತ್ರೆ. ಚೆನ್ನಾಗಿದ್ದಾನೆ ಅಂತ ನಡುವೆ ನಿಲ್ಲಿಸಬಾರದು, ಒಳಗಿನ ವಿಷ ಮಾತ್ರೆಗಿಂತ ಹೆಚ್ಚು ದಿನ ಇರುತ್ತದೆ ಅಂತ ಡಾಕ್ಟರು ಹೆದರಿಸಿದ್ದರು. ಈಗ ನಮ್ಮ ಮನೆಯಲ್ಲೇ ಇದ್ದಾನೆ. ಇಲಿ ಕಂಡರೆ ಮುಖ ತಿರುಗಿಸುತ್ತಾನೆ, ಅನುಭವಸ್ಥ.

ಮೊನ್ನೆ ಪೋಡಿ ಅರ್ಜಿಗೆ ಹಿಂಬರಹ ಬಂತು. ಮೊಹರು, ದಿನಾಂಕ, ಎಲ್ಲ ಸರಿಯಾಗಿದೆ:

"ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ಕಡತವನ್ನು ಇಲಿಗಳು ತಿಂದಿದ್ದು, ಸದರಿ ಇಲಿಗಳನ್ನು ಕಚೇರಿಯ ಬೆಕ್ಕು ತಿಂದಿದ್ದು, ಸದರಿ ಬೆಕ್ಕು ತಮ್ಮ ಸುಪರ್ದಿಯಲ್ಲಿರುವುದು ತಿಳಿದುಬಂದಿರುತ್ತದೆ. ಆದ್ದರಿಂದ ಬೆಕ್ಕನ್ನು ಏಳು ದಿನಗಳೊಳಗೆ ಖುದ್ದು ಹಾಜರುಪಡಿಸಿದಲ್ಲಿ ಮುಂದಿನ ಕ್ರಮ ಕೈಗೊಳ್ಳಲಾಗುವುದು."