ಸ್ಟೋನ್ ಪ್ಲೀಸ್

ಶನಿವಾರ ರಾತ್ರಿ ಮತ್ತೆ ಅದೇ ಆಯಿತು. ಕೊನೆಯ ವೈರಿಯ ಕೊನೆಯ ಮನೆ ಉರಿದು ಬಿತ್ತು. 'ಗೆದ್ವಿ' ಅಂತ ಫ್ಯಾಮಿಲಿ ಗ್ರೂಪಿಗೆ ಹಾಕೋಣ ಅಂತ ನಾನು ಫೋನ್ ಎತ್ತಿಕೊಂಡೆ. ಆಟ ಮುಗಿಯಲೇ ಇಲ್ಲ. ಗೆಲುವಿನ ಬದಲು ಬಂದದ್ದು ಭಾವನ ಕುದುರೆಗಳು.

ಏಜ್ ಆಫ್ ಎಂಪೈರ್ಸ್ 2 ಆಡಿದವರಿಗೆ ಈ ಹೊಟ್ಟೆಯುರಿ ಗೊತ್ತಿರುತ್ತದೆ. ಊರು ಕಟ್ಟಿ, ಸೈನ್ಯ ಬೆಳೆಸಿ ಕಾದಾಡುವ 1999ರ ಕಂಪ್ಯೂಟರ್ ಆಟ, ಹಾಸ್ಟೆಲ್ ಕಾಲದಿಂದ ಬೆನ್ನು ಬಿಟ್ಟಿಲ್ಲ. ಯಾರು ಮಿತ್ರ, ಯಾರು ಶತ್ರು ಅಂತ ಆರಿಸುವ ಜಾಗದಲ್ಲಿ ಒಂದು ಪುಟ್ಟ ಚೌಕ ಇದೆ: ಅಲೈಡ್ ವಿಕ್ಟರಿ. ಉಳಿದವರೆಲ್ಲ ಮಿತ್ರರಾಗಿದ್ದು, ಎಲ್ಲರೂ ಅಲ್ಲಿ ಟಿಕ್ ಹಾಕಿದ್ದರೆ ಗೆಲುವು ಎಲ್ಲರದ್ದೂ. ಒಬ್ಬ ಹಾಕದಿದ್ದರೂ ಬಡಿದಾಡಲೇಬೇಕು. ನಡುವೆ ಯಾರೂ ಪಕ್ಷ ಬದಲಿಸದಂತೆ ಮೊದಲೇ ತಂಡಗಳಿಗೆ ಬೀಗ ಹಾಕಿಬಿಟ್ಟರೆ ಈ ರಗಳೆಯೇ ಇಲ್ಲ. ಭಾವ ಬಿಡಬೇಕಲ್ಲ! "ಬೀಗ ಯಾಕೋ? ನಾವೇನು ಹೊರಗಿನವರಾ?" ಅನ್ನುತ್ತಾರೆ. ಅಕ್ಕನ ಗಂಡ. ಎದುರು ಮಾತಾಡೋ ಹಾಗಿಲ್ಲ.

ಚಾಟ್‌ನಲ್ಲಿ 6 ಅಂತ ಹೊಡೆದರೆ 'ಸ್ಟೋನ್ ಪ್ಲೀಸ್' ಎಂದು ಒಂದು ದನಿ ಬೇಡುತ್ತದೆ. ಭಾವನ ಕೀಬೋರ್ಡಿನಲ್ಲಿ 6 ಸವೆದೇ ಹೋಗಿರಬೇಕು. ನನ್ನ ಜನ ಬೆವರು ಸುರಿಸಿ ಕಲ್ಲು ಒಡೆಯುತ್ತಿರುತ್ತಾರೆ, ಇತ್ತ ಸ್ಟೋನ್ ಪ್ಲೀಸ್. ಕಾಫಿ ತರಲು ಎದ್ದರೂ ಹೆಡ್‌ಫೋನಿನಿಂದ ಸಣ್ಣಗೆ ಸ್ಟೋನ್ ಪ್ಲೀಸ್. ಕಳಿಸುವವರಿಗೆ ಇಲ್ಲಿ ಸುಂಕ ಬೇರೆ. ಶುರುವಿನಲ್ಲಿ 100 ಕಲ್ಲು ಕಳಿಸಿದರೆ ನನ್ನ ಲೆಕ್ಕದಿಂದ 130 ಹೋಗುತ್ತದೆ. ಒಂದು ಕೋಟೆಗೆ 650 ಕಲ್ಲು ಬೇಕು, ನಿಜ. ಆದರೆ ಆಟದ ಜನಾಂಗಗಳಲ್ಲಿ ಭಾವ ಯಾವಾಗಲೂ ತೆಗೆದುಕೊಳ್ಳುವುದು ಫ್ರಾಂಕರನ್ನು. ಅವರಿಗೆ ಕೋಟೆ ಮೇಲೆ ರಿಯಾಯಿತಿ! ಆದರೂ ಸ್ಟೋನ್ ಪ್ಲೀಸ್. ಆ ಕಲ್ಲಿನಲ್ಲಿ ಕೋಟೆ ಏಳುವುದು ಎಲ್ಲಿ? ನನ್ನ ಗೋಡೆಗೆ ಸರಿಯಾಗಿ ಎದುರು.

"ಭಾವ, ಇದ್ಯಾಕೆ ಇಲ್ಲಿ?"

"ನಿನ್ನ ಕಾಯೋಕೆ ಕಣೋ."

"ಟಿಕ್ ಹಾಕಿದ್ರಾ?"

"ಹಾಕ್ತೀನಿ ಇರು, ಅದೆಲ್ಲೋ ಇರತ್ತೆ. ಕನ್ನಡಕ ಒಳಗಿದೆ."

ಕೋಟೆಗೆ ಜಾಗ ಹುಡುಕುವಾಗ ಕನ್ನಡಕ ಬೇಡ, ಗಮನಿಸಿ.

ಮಿತ್ರನ ಸೈನ್ಯ ಹತ್ತಿರ ಬಂದರೆ ನಮ್ಮ ಗೇಟು ತಾನಾಗಿ ತೆರೆಯುತ್ತದೆ. ಹೀಗಾಗಿ ಭಾವನ ನೈಟ್‌ಗಳು, ಅಂದರೆ ಕುದುರೆ ಸವಾರರು, ನನ್ನ ಊರೊಳಗೆ ಸುಮ್ನೆ ಅಡ್ಡಾಡುತ್ತಿರುತ್ತವೆ. ನಾನು ಅಭಿಮಾನಕ್ಕೆ ಅಂತ ದ್ರಾವಿಡರನ್ನು ಆರಿಸಿಕೊಳ್ಳುವವನು, ನನಗೆ ನೈಟ್‌ಗಳೇ ಇಲ್ಲ. ಕೊನೆಯ ವೈರಿ ಬಿದ್ದ ಕ್ಷಣ ಅವೆಲ್ಲ ನನ್ನ ಹೊಲದ ನಡುವೆಯೇ ನಿಂತಿದ್ದವು. ಮುಂದಿನದ್ದು ಹೇಳಬೇಕಾ?

ಇದು ಭಾವನೊಬ್ಬರ ಗುಣ ಅಲ್ಲ, ನಿಯಮದ ಗುಣವೂ ಹೌದು. 1959ರಲ್ಲಿ ಅಲನ್ ಕ್ಯಾಲ್ಹಮರ್ ಹೊರತಂದ ಡಿಪ್ಲೊಮಸಿ ಅನ್ನೋ ಬೋರ್ಡ್ ಆಟದಲ್ಲಿ ದಾಳವೇ ಇಲ್ಲ, ಬರೀ ಮಾತುಕತೆ. ಏಳು ದೇಶ, 34 ಕೇಂದ್ರ. 18 ಹಿಡಿದವನು ಒಬ್ಬನೇ ಗೆದ್ದ ಹಾಗೆ. ಉಳಿದವರೆಲ್ಲ ಒಪ್ಪಿದರೆ ಡ್ರಾ, ಸಮಪಾಲು. ಆ ಪಾಲಿನ ಆಸೆ ಇರುವವರೆಗೆ ಸಣ್ಣವನಿಗೂ ಒಂದು ಬೆಲೆ, ದೊಡ್ಡವನನ್ನು ತಡೆಯಲು ಅವನು ಬೇಕು. ಒಬ್ಬನಿಗೆ 18 ಕಣ್ಣಿಗೆ ಬಿತ್ತೋ, ಕೊಟ್ಟ ಮಾತೆಲ್ಲ ಗಾಳಿಗೆ. ಹಾಗಂತ ನಮ್ಮ ಆಟದಲ್ಲಿ ಎಲ್ಲರೂ ಮೊದಲೇ ಟಿಕ್ ಹಾಕಿದರೂ ಕಷ್ಟ. ಒಮ್ಮೆ ನಾವೆಲ್ಲ ಒಂದಾಗಿ ಚಿಕ್ಕಮ್ಮನ ಮಗನೊಬ್ಬನ ಮೇಲೆ ಬಿದ್ದೆವು. ಅವನು 'ಕರೆಂಟ್ ಹೋಯ್ತು' ಅಂತ ಮೆಸೇಜ್ ಹಾಕಿ ಮಾಯವಾದ.

ಟಿಕ್ ಇಲ್ಲದಿದ್ದರೆ ಕೊನೆಯ ವೈರಿಯೇ ನಮ್ಮ ವಿಮೆ. ಅವನು ಬದುಕಿರುವ ತನಕ ಭಾವ ನನ್ನ ಮಿತ್ರ. ಅದಕ್ಕೇ ಈಗ ನಾನು ಕೊನೆಯ ವೈರಿಯನ್ನು ಜೋಪಾನವಾಗಿ ಸಾಕುತ್ತೇನೆ. ಮೂಲೆಯಲ್ಲಿ ಎರಡು ಮನೆ ಕಟ್ಟಿಕೊಂಡಿರಲಿ ಪಾಪ, ಅಂತ ಕದ್ದು ಆಹಾರ ಕಳಿಸಿದ್ದೂ ಉಂಟು.

ಅಜ್ಜನ ಮನೆಯ ಜಗಲಿಯಲ್ಲಿ ಇಸ್ಪೀಟಿನ ಇಪ್ಪತ್ತೆಂಟು ಆಡುವಾಗ ಈ ತಲೆನೋವು ಇರಲಿಲ್ಲ. ಜೋಡಿ ಎದುರಿಗೇ ಕೂತಿರುತ್ತಿದ್ದ. ಗೆದ್ದರೂ ಇಬ್ಬರೂ, ತಪ್ಪು ಎಲೆ ಇಳಿದರೆ ಬೈಸಿಕೊಳ್ಳುವುದೂ ಇಬ್ಬರೂ. ಆ ಜಗಲಿಯವರೆಲ್ಲ ಈಗ ಒಂದೊಂದು ಊರಲ್ಲಿದ್ದಾರೆ. ವಾರಕ್ಕೊಮ್ಮೆ ಸೇರುವುದು ಈ ಆಟದಲ್ಲೇ. ಬಿಡೋಣ ಅಂದರೂ ಮನಸ್ಸು ಬರಲ್ಲ.

ಈ ವಾರದಿಂದ ಅಕ್ಕನೂ ಆಡುತ್ತಾಳಂತೆ. ನಿನ್ನೆ ಪ್ರಾಕ್ಟೀಸಿಗೆ ಕೂತಿದ್ದಳು. ಭಾವ ಅವಳಿಗೆ ಕೇಳದೇನೇ ಕಲ್ಲು ಕಳಿಸಿದರಂತೆ. ಟಿಕ್ಕಾ? ಮೊದಲ ನಿಮಿಷದಲ್ಲೇ ಹಾಕಿದ್ದರಂತೆ, ಕನ್ನಡಕ ಇಲ್ಲದೆ.