‘ಅದು ಬಡವರಿಗೆ ಅಲ್ವಾ ಅಕ್ಕ?’

ನಿನ್ನೆ ಮೈಸೂರಿನಲ್ಲಿ ತಮ್ಮನ ಮಗುವಿನ ನಾಮಕರಣ. ಚಿಕ್ಕಪ್ಪನ ಮಗ, ಕೈಯಲ್ಲಿ ಎತ್ತಿ ಆಡಿಸಿದ ಹುಡುಗ. ಹೋಳಿಗೆ ಎರಡನೇ ಸಲ ಬರುವ ಹೊತ್ತಿಗೆ ಸುಮ್ಮನಿರಲಾರದೆ ಕೇಳಿದೆ, ‘ಪಾಪುಗೆ ಮುಂದಿನ ಚುಚ್ಚುಮದ್ದು ಯಾವಾಗ? ನಿಮ್ಮ ಏರಿಯಾ ಅಂಗನವಾಡಿಯಲ್ಲಿ ಗುರುವಾರ ಹಾಕ್ತಾರಲ್ಲ?’ ಅವನು ನಕ್ಕ. ‘ಅದು ಬಡವರಿಗೆ ಅಲ್ವಾ ಅಕ್ಕ? ನಾವು ಪ್ರೈವೇಟ್ ಕ್ಲಿನಿಕ್ಕಲ್ಲಿ ಪೇನ್‌ಲೆಸ್ ಹಾಕಿಸ್ತೀವಿ, ಜ್ವರ ನೋವು ಕಮ್ಮಿ ಇರೋದು.’

ಹೋಳಿಗೆ ಗಂಟಲಲ್ಲೇ ನಿಂತಿತು.

ನಮ್ಮಮ್ಮನ ಕೆಲಸ ಏನಾಗಿತ್ತು ಅಂತ ಹೇಳಿಬಿಡ್ತೀನಿ. ತಿ. ನರಸೀಪುರ ತಾಲ್ಲೂಕಿನಲ್ಲಿ ಊರೂರು ಸುತ್ತಿದ ಸಿಸ್ಟರಮ್ಮ. ಐಸ್ ಪ್ಯಾಕ್ ಇಟ್ಟ ವ್ಯಾಕ್ಸಿನ್ ಡಬ್ಬವನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋಗುತ್ತಿದ್ದಳು, ಅದನ್ನು ಕೆಳಗಿಡು ಅಂದರೆ ಕಂಡಕ್ಟರ್ ಜೊತೆ ಜಗಳ. ಆಗ ಗಾಜಿನ ಸಿರಿಂಜು, ಕುಕ್ಕರಿನಂಥ ಪಾತ್ರೆಯಲ್ಲಿ ಹಬೆಗಿಟ್ಟು ಮತ್ತೆ ಮತ್ತೆ ಬಳಸುವುದು. ಈಗ ‘ಬಡವರಿಗೆ’ ಅನ್ನುತ್ತಿರುವ ಈ ಮಹಾನುಭಾವನ ತೊಡೆಗೆ ಮೊದಲ ಡಿಪಿಟಿ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಮೂರಕ್ಕೂ ಸೇರಿದ ಲಸಿಕೆ) ಚುಚ್ಚಿದ್ದೂ ಆ ಡಬ್ಬದಿಂದಲೇ.

ಬಡವರಿಗಂತೆ. ಮೈಸೂರಲ್ಲಿ ನಿಂತು ಆಡುವ ಮಾತಾ ಇದು? ಥಾಮಸ್ ಹಿಕ್ಕಿ ಅನ್ನೋ ಚಿತ್ರಕಾರ 1805ರ ಸುಮಾರಿಗೆ ಬರೆದ ಒಂದು ಪಟ ಇದೆ, ಮೂರು ಜನ ರಾಜಮನೆತನದ ಹೆಣ್ಣುಮಕ್ಕಳು. ಅದರಲ್ಲೊಬ್ಬಳು ಸೀರೆ ಸರಿಸಿ ತೋಳಿನ ಕಡೆ ಕೈ ಮಾಡಿದ್ದಾಳೆ. ಮುಮ್ಮಡಿ ಕೃಷ್ಣರಾಜ ಒಡೆಯರ ಚಿಕ್ಕ ವಯಸ್ಸಿನ ರಾಣಿ ದೇವಾಜಮ್ಮಣ್ಣಿ ಅವಳೇ, ಸಿಡುಬಿನ ದಾಕು ಹಾಕಿಸಿಕೊಂಡ ಜಾಗವನ್ನು ಜನರಿಗೆ ತೋರಿಸುತ್ತಿದ್ದಾಳೆ ಅಂತ ಇತಿಹಾಸಕಾರರೊಬ್ಬರು ವಾದಿಸಿದ್ದಾರೆ. ಸಿಡುಬು ಅಂದರೆ ಅಮ್ಮ ಬಂದಳು ಅಂತ ಕೈಮುಗಿಯುತ್ತಿದ್ದ ಕಾಲ. ಹಸುವಿನ ಸಿಡುಬಿನ ಕೀವು ಮೈಗೆ ಬಿಡಿಸಿಕೊಳ್ಳಿ ಅಂದರೆ ಯಾರು ಕೇಳುತ್ತಾರೆ? ಅದಕ್ಕೇ ಅರಮನೆ ಮೊದಲು ತೋಳು ಕೊಟ್ಟಿತು. ಈಗ ನಮ್ಮ ಹುಡುಗನಿಗೆ ಅಂಗನವಾಡಿ ಮೆಟ್ಟಿಲು ಹತ್ತುವುದು ಅವಮಾನ!

ಬೆಂಗಳೂರಿನ ಸರ್ಕಾರಿ ವಾಣಿವಿಲಾಸ ಆಸ್ಪತ್ರೆಗೂ ಮೈಸೂರಿನ ಇನ್ನೊಬ್ಬ ಮಹಾರಾಣಿಯ ಹೆಸರೇ. 1935ರಲ್ಲಿ ಹೆಂಗಸರು ಮಕ್ಕಳಿಗೆ ಅಂತಲೇ ತೆರೆದದ್ದು. ಆ ಕಡೆ ಬೆಳಗಾವಿಗೆ ಹೋದರೆ ಟಿಳಕವಾಡಿಯಲ್ಲಿ ವ್ಯಾಕ್ಸಿನ್ ಡಿಪೋ. ಬೆಳಿಗ್ಗೆ ಮರಗಳ ಕೆಳಗೆ ವಾಕಿಂಗ್ ಮಾಡುವ ಎಷ್ಟು ಜನಕ್ಕೆ ಅಲ್ಲಿ ಸಿಡುಬಿನ ಲಸಿಕೆ ತಯಾರಾಗುತ್ತಿತ್ತು ಅಂತ ಗೊತ್ತೋ. ಇನ್ನು ಅಂಗನವಾಡಿ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಯೋಗಕ್ಕೆ ಶುರುವಾಯಿತಲ್ಲ, ಕರ್ನಾಟಕದಲ್ಲಿ ಆರಿಸಿದ್ದು ನಮ್ಮ ನರಸೀಪುರವನ್ನೇ. ನಮ್ಮ ತಾಲ್ಲೂಕು ಅಂತ ಸ್ವಲ್ಪ ಜಂಬ ಇದೆ, ಇರಲಿ ಬಿಡಿ.

ಪೇನ್‌ಲೆಸ್ ವಿಷಯಕ್ಕೆ ಬರ್ತೀನಿ. ಸರ್ಕಾರಿ ಮದ್ದಿನಲ್ಲಿ ನಾಯಿಕೆಮ್ಮಿನ ಸತ್ತ ರೋಗಾಣು ಇಡಿಯಾಗಿ ಇರುತ್ತದೆ, ಅದಕ್ಕೆ ಜ್ವರ, ಬಾವು ಜಾಸ್ತಿ. ದುಬಾರಿ ಮದ್ದಿನಲ್ಲಿ ಅದರ ಕೆಲವು ತುಣುಕು ಮಾತ್ರ. ಜ್ವರ ಕಮ್ಮಿ ನಿಜ, ಆದರೆ ಅದರ ರಕ್ಷಣೆ ಬೇಗ ಇಳಿಯುತ್ತದೆ. ಇದನ್ನು ಹೇಳಿದರೆ ನಮ್ಮ ಹುಡುಗ ಮೊಬೈಲ್ ನೋಡುತ್ತಾ ಕೂತ. ಪೋಲಿಯೊ ಹನಿಯನ್ನೂ ಹೀಗೆ ‘ಬಡವರಿಗೆ’ ಅಂತ ಅರ್ಧ ಮಕ್ಕಳು ಬಿಟ್ಟಿದ್ದರೆ? ಬಸ್ ಸ್ಟ್ಯಾಂಡು, ಇಟ್ಟಿಗೆ ಗೂಡು, ಮದುವೆ ಛತ್ರ ಬಿಡದೆ ಹುಡುಕಿ ಹುಡುಕಿ ಬಾಯಿಗೆ ಹಾಕಿದ್ದಕ್ಕೇ 2014ರಲ್ಲಿ ದೇಶ ಪೋಲಿಯೊಮುಕ್ತ ಅಂತಾಯಿತು. ಸೋಂಕೇನು ಆಧಾರ್ ನೋಡಿ ಬರುತ್ತದಾ?

‘ಸರ್ಕಾರಿ ಆಸ್ಪತ್ರೆ ಒಳಗೆ ಕಾಲಿಟ್ಟಿದ್ದೀರಾ ಮೇಡಂ’ ಅಂತ ಈಗ ಯಾರಾದರೂ ಬರ್ತೀರಿ, ಗೊತ್ತು. ಇಟ್ಟಿದ್ದೇನೆ. ಒಂದು ಹೆರಿಗೆ ವಾರ್ಡಿನಲ್ಲಿ ಗಂಡು ಮಗು ಅಂತ ಹೇಳುವುದಕ್ಕೇ ಕೈ ಚಾಚಿದ್ದನ್ನೂ ನೋಡಿದ್ದೇನೆ. ವಾಸನೆಯನ್ನೂ ಕುಡಿದಿದ್ದೇನೆ. ಆದರೆ ಕೇಳುವ ಬಾಯಿ ಇರುವವರೆಲ್ಲ ಎದ್ದು ಎಸಿ ಕ್ಲಿನಿಕ್ಕಿಗೆ ಹೋದಮೇಲೆ ಅಲ್ಲಿ ಯಾರು ಜಗಳ ಆಡಬೇಕು ಸ್ವಾಮಿ, ಕೂಲಿ ಬಿಟ್ಟು ಮಗು ಎತ್ತಿಕೊಂಡು ಬಂದವಳಾ?

ಇಷ್ಟೆಲ್ಲ ಕೂಗಾಡುವ ನಾನು ನನ್ನ ಮಗಳಿಗೆ ಹಾಕಿಸಿದ್ದೂ ಪೇನ್‌ಲೆಸ್ಸೇ. ಬೆಂಗಳೂರಿನ ಮನೆ ಪಕ್ಕದ ಕ್ಲಿನಿಕ್ಕು, ಗೋಡೆ ಮೇಲೆ ಜಿರಾಫೆ ಚಿತ್ರ. ಅಮ್ಮನಿಗೆ ಬಿಲ್ಲು ತೋರಿಸಲಿಲ್ಲ. ಮಗು ಅಳಬಾರದು ಅನ್ನೋದು ನೆಪ, ನಿಜ ಹೇಳಬೇಕೆಂದರೆ ಆ ಸಾಲಿನಲ್ಲಿ ನಿಲ್ಲುವುದು ನನಗೇ ಬೇಡವಾಗಿತ್ತು. ನಿನ್ನೆ ತಮ್ಮನ ಮೇಲೆ ಅಷ್ಟು ಸಿಟ್ಟು ಬಂದದ್ದಕ್ಕೆ ಅದೂ ಒಂದು ಕಾರಣ ಇರಬೇಕು.

ರಾತ್ರಿ ಮನೆಗೆ ಬಂದು ಅಮ್ಮನಿಗೆ ಎಲ್ಲ ಒಪ್ಪಿಸಿದೆ. ಬೈತಾಳೆ ಅಂದುಕೊಂಡೆ. ಕನ್ನಡಕ ತೆಗೆದು ಪಕ್ಕಕ್ಕಿಟ್ಟು ಕೇಳಿದಳು, ‘ಅದಿರಲಿ, ಪಾಪು ಎಡತೋಳು ನೋಡಿದ್ಯಾ? ಕ್ಷಯಕ್ಕೆ ಹಾಕೋ ಬಿಸಿಜಿ ಗುಳ್ಳೆ ಎದ್ದಿತ್ತಾ?’