ಹಿಡಿಯಲಿ ಅಂತ ಎಸೆಯುವುದು

ಆಷಾಢದಲ್ಲಿ ಶುರುವಾಗಿದ್ದು ಇದು. ಭಾನುವಾರ ಬೆಳಿಗ್ಗೆ ನಾವು ಐದು ಜನ ಗೆಳೆಯರು ಮೈಸೂರಿನ ಓವಲ್ ಮೈದಾನದ ಒಂದು ಮೂಲೆಯಲ್ಲಿ ನಿಂತು ಫ್ರಿಸ್ಬಿ, ಅಂದರೆ ತಿರುಗಿಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಎಸೆಯುತ್ತೇವೆ. ಪಂದ್ಯ ಅಲ್ಲ. ಪಾಯಿಂಟ್ ಇಲ್ಲ, ಟೀಮ್ ಇಲ್ಲ. ಸುಮ್ನೆ ಒಬ್ಬರು ಎಸೆಯುವುದು, ಇನ್ನೊಬ್ಬರು ಹಿಡಿಯುವುದು. ‘ನಲವತ್ತು ದಾಟಿದ ಮೇಲೆ ಇದೆಂಥ ಮಕ್ಕಳಾಟ’ ಅಂತ ಮನೆಯಲ್ಲೂ ಕೇಳಿದರು, ಆಫೀಸಿನಲ್ಲೂ ಕೇಳಿದರು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ನಾವೂ ಕ್ರಿಕೆಟ್ಟೇ ಆಡುತ್ತಿದ್ದೆವು. ಟರ್ಫ್ ಬುಕ್ ಮಾಡಿ, ವಾಟ್ಸಾಪ್‌ನಲ್ಲಿ ಕಾಡಿ ಬೇಡಿ ಹತ್ತು ಹನ್ನೆರಡು ಜನರನ್ನು ಸೇರಿಸಿ. ಚೆನ್ನಾಗಿ ಆಡುವ ಮೂವರು ಬ್ಯಾಟೂ ಹಿಡಿಯುತ್ತಿದ್ದರು, ಬೌಲಿಂಗೂ ಮಾಡುತ್ತಿದ್ದರು, ಉಳಿದವರು ಬಲೆಯ ಪಕ್ಕ ನಿಂತು ತಮ್ಮ ಕಡೆ ಬಾಲ್ ಬರುತ್ತಾ ಅಂತ ಕಾಯುತ್ತಿದ್ದರು. ನಮ್ಮಲ್ಲೊಬ್ಬ ಇದ್ದಾನೆ, ಹೈಸ್ಕೂಲಿನಿಂದಲೂ ಟೀಮ್ ಆರಿಸುವಾಗ ಅವನ ಹೆಸರು ಕೊನೆಗೇ ಬರುತ್ತಿತ್ತು. ಒಂದು ದಿನ ಬರುವುದನ್ನೇ ನಿಲ್ಲಿಸಿದ. ಯಾಕೋ ಅಂದರೆ ‘ಕೆಲಸ ಇದೆ ಕಣೋ’ ಅಂದ. ಕೆಲಸ ಅಲ್ಲ ಅಂತ ನಮಗೆಲ್ಲ ಗೊತ್ತಿತ್ತು. ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಆ ವಿಷಯ ನನಗೆ ಇವತ್ತಿಗೂ ಚುಚ್ಚುತ್ತದೆ.

ಚಿಕ್ಕಂದಿನ ಆಟಗಳನ್ನೇ ನೋಡಿ. ಲಗೋರಿಯಲ್ಲಿ ಏಳು ಕಲ್ಲು ಜೋಡಿಸೋಕೆ ಹೋದವನ ಬೆನ್ನಿಗೆ ಚೆಂಡು ಬೀಳುತ್ತಿತ್ತು. ಸೂರ್‌ಚೆಂಡಿನಲ್ಲಂತೂ ಹೊಡೆಯುವುದೇ ಆಟ. ಕ್ರಿಕೆಟ್‌ನಲ್ಲಿ ಬಾಲ್ ಹಾಕುವುದು ಎದುರಿನವನನ್ನು ಔಟ್ ಮಾಡೋಕೆ. ಖುಷಿಯ ಆಟಗಳೇ ಇವು, ಬೇಡ ಅನ್ನುತ್ತಿಲ್ಲ. ಆದರೆ ಸುಮ್ನೆ ಫ್ರಿಸ್ಬಿ ಎಸೆಯುವಾಗ ಲೆಕ್ಕವೇ ತಿರುಗುತ್ತದೆ. ಎದುರಿನವನ ಕೈಗೆ ಸಿಗಲಿ ಅಂತಲೇ ಎಸೆಯಬೇಕು. ಅವನು ಹಿಡಿಯಲಿಲ್ಲ ಅಂದರೆ ನಾನು ಸರಿಯಾಗಿ ಎಸೆದೆನಾ ಅಂತ ನನ್ನನ್ನು ನಾನು ಕೇಳಿಕೊಳ್ಳಬೇಕಾಗುತ್ತದೆ. ಒಬ್ಬನಿಗೆ ಎಡ ಭುಜ ನೋವು, ಅವನಿಗೆ ಬಲಗಡೆ, ಸ್ವಲ್ಪ ಕೆಳಗೆ ಕೊಡಬೇಕು. ಇನ್ನೊಬ್ಬನಿಗೆ ಓಡಿ ಹಿಡಿಯುವುದೇ ಇಷ್ಟ, ಅವನಿಗೆ ಎರಡು ಹೆಜ್ಜೆ ಮುಂದಕ್ಕೆ. ಇಪ್ಪತ್ತೈದು ವರ್ಷದ ಗೆಳೆತನದಲ್ಲಿ ಗೆಳೆಯರ ಮೈಕೈ ಹೇಗಿದೆ ಅಂತ ನಾನು ಇಷ್ಟು ಗಮನಿಸಿಯೇ ಇರಲಿಲ್ಲ.

ಕ್ರಿಕೆಟ್‌ಗೆ ಬರುವುದನ್ನು ನಿಲ್ಲಿಸಿದ್ದ ಆ ಗೆಳೆಯ ಈಗ ವಾರ ತಪ್ಪಿಸುವುದಿಲ್ಲ.

ಕಲಿಯುವುದು ಕಷ್ಟ ಅಲ್ಲ, ಆದರೆ ಒಂದು ಗುಟ್ಟಿದೆ. ತೋಳಿನ ಬಲ ಹಾಕಬಾರದು, ಮಣಿಕಟ್ಟು ಚಿಮ್ಮಿಸಬೇಕು. ಬುಗುರಿ ಜೋರಾಗಿ ತಿರುಗುವ ತನಕ ನೆಟ್ಟಗೆ ನಿಲ್ಲುತ್ತದೆ, ವೇಗ ಕಮ್ಮಿಯಾದ ಕೂಡಲೇ ವಾಲುತ್ತದೆ ಅಲ್ವಾ, ಇದೂ ಹಾಗೇ. ತಿರುಗು ಸಾಲದಿದ್ದರೆ ಪಕ್ಕಕ್ಕೆ ಮಗುಚಿಕೊಂಡು ಬೀಳುತ್ತದೆ. ಆಮೇಲೆ ಗಾಳಿ. ನಮ್ಮ ಆಷಾಢದ ಗಾಳಿ ಗೊತ್ತಲ್ಲ. ಎದುರು ಗಾಳಿಗೆ ಎಸೆದರೆ ಮೇಲಕ್ಕೇಳುತ್ತದೆ, ಹಿಂದಿನಿಂದ ಗಾಳಿ ಬಂದರೆ ಬೇಗ ಕೆಳಗಿಳಿಯುತ್ತದೆ. ಮೊದಲ ವಾರ ತಂದಿದ್ದು ಮಗಳ ಆಟದ ಸಾಮಾನು, ತೀರಾ ಹಗುರ, ಗಾಳಿ ಎತ್ತ ಒಯ್ದರೆ ಅತ್ತ. ಆಮೇಲೆ 175 ಗ್ರಾಂ ತೂಕದ್ದು ತರಿಸಿದೆವು, ಪಂದ್ಯಗಳಲ್ಲಿ ಬಳಸುವುದೂ ಅಷ್ಟೇ ತೂಕದ್ದು.

ಇದರ ಕತೆಯೂ ಚೆನ್ನಾಗಿದೆ. ಅಮೆರಿಕದಲ್ಲಿ ಕಾಲೇಜು ಹುಡುಗರು ಫ್ರಿಸ್ಬಿ ಅನ್ನೋ ಬೇಕರಿಯ ಖಾಲಿ ತಗಡಿನ ತಟ್ಟೆಗಳನ್ನು ಎಸೆದಾಡುತ್ತಿದ್ದರಂತೆ, ಹೆಸರು ಅಲ್ಲಿಂದ ಬಂತು ಅನ್ನುತ್ತಾರೆ. ಫ್ರೆಡ್ ಮಾರಿಸನ್ ಅನ್ನುವವರು ಮಾಡಿದ ಪ್ಲಾಸ್ಟಿಕ್ ತಟ್ಟೆಯನ್ನು ವ್ಯಾಮೋ ಕಂಪನಿ 1957ರಲ್ಲಿ ಮಾರೋಕೆ ಶುರು ಮಾಡಿತು. 1968ರಲ್ಲಿ ನ್ಯೂಜೆರ್ಸಿಯ ಒಂದು ಹೈಸ್ಕೂಲಿನ ಮಕ್ಕಳು ಇದನ್ನೇ ಇಟ್ಟುಕೊಂಡು ‘ಅಲ್ಟಿಮೇಟ್’ ಅನ್ನೋ ಪಂದ್ಯ ಕಟ್ಟಿದರು. ಅದರಲ್ಲಿ ಸಾಮಾನ್ಯವಾಗಿ ಅಂಪೈರೇ ಇರುವುದಿಲ್ಲ. ಫೌಲ್ ಆಯ್ತಾ ಇಲ್ವಾ ಅಂತ ಆಡುವವರೇ ಮಾತಾಡಿಕೊಂಡು ತೀರ್ಮಾನಿಸಬೇಕು. ಇದು ಓದಿದಾಗ ನನಗೆ ಈ ಆಟದ ಮೇಲೆ ಪ್ರೀತಿ ಇನ್ನೂ ಜಾಸ್ತಿಯಾಯಿತು.

ಒಂದು ಭಾನುವಾರ ನನ್ನ ಹೆಂಡತಿಯೂ ಬಂದಳು. ಸ್ಕೂಲಿನಲ್ಲಿ ರಿಂಗ್ ಆಡಿದವಳು. ರಿಂಗ್ ಅಂದರೆ ಟೆನ್ನಿಕಾಯ್ಟ್, ಅದರಲ್ಲಿ ಒಂದೇ ಕೈಯಲ್ಲಿ ಹಿಡಿಯಬೇಕು, ಎರಡು ಕೈ ತಾಗಿಸುವಂತಿಲ್ಲ. ನಾವೆಲ್ಲ ಎರಡು ಕೈಯಲ್ಲಿ ಅಪ್ಪಳಿಸಿ ಹಿಡಿಯುತ್ತಿದ್ದರೆ ಅವಳು ಓಡುತ್ತಲೇ ಒಂದು ಕೈ ಚಾಚಿ ಪಟ್ ಅಂತ ಹಿಡಿದಳು. ಮದುವೆಯಾಗಿ ಹದಿನಾರು ವರ್ಷ, ಅವಳ ಈ ಆಟ ನಾನು ನೋಡಿದ್ದು ಅವತ್ತೇ ಮೊದಲು. ಈಗ ನಾವು ಆರು ಜನ.

ಒಂದು ಬೇಜಾರೂ ಹೇಳಲೇಬೇಕು. ಮನೆ ಹತ್ತಿರದ ಪಾರ್ಕಿನಲ್ಲಿ ಸಂಜೆ ಮಕ್ಕಳ ಜೊತೆ ಎಸೆಯೋಣ ಅಂತ ಹೋದರೆ ಕಾವಲುಗಾರರು ಸೀಟಿ ಊದಿ ಕಳಿಸಿದರು. ‘ಆಟ ಆಡಬಾರದು’ ಅಂತ ಬೋರ್ಡೇ ಇದೆ. ವಾಕಿಂಗ್ ಮಾಡುವ ವಯಸ್ಸಾದವರಿಗೆ ತಗುಲಬಾರದು, ಒಪ್ಪುತ್ತೇನೆ. ಆದರೆ ಒಂದು ಮೂಲೆ ಬಿಟ್ಟುಕೊಡಬಹುದಲ್ಲ? ದೊಡ್ಡ ಮೈದಾನಕ್ಕೆ ಹೋದರೆ ಒಂದೇ ಹೊತ್ತಿಗೆ ನಾಲ್ಕೈದು ಕ್ರಿಕೆಟ್ ಟೀಮು. ಪಾರ್ಕಿನಲ್ಲಿ ಬೋರ್ಡು. ಹತ್ತು ವರ್ಷದ ಹುಡುಗಿ ಏನಾದರೂ ಎಸೆಯಬೇಕು ಅಂದರೆ ಎಲ್ಲಿಗೆ ಹೋಗಬೇಕು?

ನಾವು ಎಣಿಸುವುದು ಒಂದೇ, ಕೆಳಗೆ ಬೀಳದೆ ಎಲ್ಲರೂ ಸೇರಿ ಎಷ್ಟು ಸಲ ಹಿಡಿದೆವು ಅಂತ. ಇಲ್ಲಿಯವರೆಗೆ 63. ಅರವತ್ತನಾಲ್ಕನೆಯದು ನನ್ನ ಕೈಯಿಂದಲೇ ಜಾರಿತು, ಎಲ್ಲರೂ ಒಟ್ಟಿಗೆ ‘ಅಯ್ಯೋ’ ಅಂದರು, ಮತ್ತೆ ಒಂದರಿಂದ ಶುರು. ಈ ಭಾನುವಾರ ಆರೂವರೆಗೆ ಅಲ್ಲೇ ಇರುತ್ತೇವೆ. ಬರುವವರು ಶೂ ಹಾಕಿಕೊಂಡು ಬನ್ನಿ, ಹುಲ್ಲಿನಲ್ಲಿ ಕಲ್ಲು ಜಾಸ್ತಿ.